ಮಕ್ಕಳಿಗೆ ಚೀನಾ ತೋರಿಸಲು ಒಬ್ಬ ಯಾತ್ರಿಕ, ಒಂದು ದಾರಿ ಸಾಕು

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಮ್ಮ ಯಜಮಾನರು ಚೀನಾದ ಶೆನ್‌ಜೆನ್‌ನಲ್ಲಿ ಕೆಲಸದಲ್ಲಿದ್ದಾರೆ. ಬರುವ ಬೇಸಿಗೆ ರಜೆಗೆ ನಾನೂ ಮಕ್ಕಳೂ ಅಲ್ಲಿಗೆ ಹೋಗುತ್ತೇವೆ. ಎಲ್ಲ ಸರಿಹೋದರೆ ಒಂದೆರಡು ವರ್ಷ ಅಲ್ಲೇ ಇರಬೇಕಾಗಬಹುದು. ಮಗಳಿಗೆ 9, ಮಗನಿಗೆ 6. ಮೊಬೈಲಿನಲ್ಲಿ ಚೀನೀ ಕಲಿಸುವ ಆ್ಯಪ್ ಹಾಕಿಕೊಟ್ಟೆ. ಸೇಬು, ಬೆಕ್ಕು, ಕೆಂಪು, ಹಳದಿ ಅಂತ ಸ್ವಲ್ಪ ದಿನ ಕಲಿತು ಬಿಟ್ಟುಬಿಟ್ಟರು. ಪ್ರವಾಸದ ಕಥೆ ಹೇಳುತ್ತಾ ಭಾಷೆ, ಸಂಸ್ಕೃತಿ ಎರಡನ್ನೂ ಪರಿಚಯ ಮಾಡಿಸಬಹುದು ಅಂತ ಯಾರೋ ಹೇಳಿದರು. ಯಾವ ಕಥೆ ಹೇಳಲಿ? ಹೇಗೆ ಹೇಳಲಿ? ನನಗೇ ಆ ಭಾಷೆಯ ಒಂದಕ್ಷರ ಬರುವುದಿಲ್ಲ. ಇನ್ನು ಅತ್ತೆಯವರು ಬೇರೆ ‘ಅವರು ಹಾವು ಚೇಳು ತಿಂತಾರಂತೆ’ ಅಂತ ಮಕ್ಕಳ ತಲೆಯಲ್ಲಿ ತುಂಬಿದ್ದಾರೆ.

ಉತ್ತರ: ಮಕ್ಕಳು ಆ್ಯಪ್ ಬಿಟ್ಟರು ಅಂತ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಹತ್ತಿರ ಚೀನೀ ಕಲಿಯಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಒಂದಲ್ಲ ಒಂದು ಆ್ಯಪ್ ಬಿಟ್ಟು ಬಂದವರೇ. ಸೇಬಿಗೆ ಚೀನೀಯಲ್ಲಿ ಏನನ್ನುತ್ತಾರೆ ಅಂತ ತಿಳಿದು ಹುಬ್ಬಳ್ಳಿಯ ಆರು ವರ್ಷದ ಹುಡುಗ ಏನು ಮಾಡಬೇಕು ಹೇಳಿ? ಆ ಸೇಬನ್ನು ಯಾರೂ ಯಾರಿಗೂ ಕೊಡುವುದಿಲ್ಲ, ಯಾರೂ ತಿನ್ನುವುದಿಲ್ಲ. ಕಥೆಯಲ್ಲಿ ಹಾಗಲ್ಲ. ಬಾಯಾರಿ ಸಾಯುತ್ತಿರುವವನಿಗೆ ‘ನೀರು’ ಅನ್ನುವ ಪದ ಬೇಕೇ ಬೇಕು. ಆ ಪದ ಮಕ್ಕಳಿಗೂ ಮರೆಯುವುದಿಲ್ಲ.

ಹಾಗಂತ ಹತ್ತಾರು ಕಥೆ ಹುಡುಕಿಕೊಂಡು ಹೋಗಬೇಡಿ. ಡ್ರ್ಯಾಗನ್ನು, ಪಾಂಡಾ, ಕೆಂಪು ಲಾಂದ್ರ, ಕುಂಗ್‌ಫು ಎಲ್ಲವನ್ನೂ ಒಂದು ಚಾರ್ಟಿನಲ್ಲಿ ಅಂಟಿಸಿ ‘ಇದು ಚೀನಾ’ ಅಂತ ತೋರಿಸುವುದೂ ಬೇಡ. ಒಬ್ಬ ಯಾತ್ರಿಕನನ್ನು ಹಿಡಿಯಿರಿ. ಅವನು ನಡೆದ ದಾರಿಯನ್ನೇ ತಿಂಗಳುಗಟ್ಟಲೆ ಎಳೆಯಿರಿ. ಮಕ್ಕಳಿಗೆ ಹೊಸ ಹೊಸ ಕಥೆಗಿಂತ ಗೊತ್ತಿರುವ ಮನುಷ್ಯ ನಾಳೆ ಏನು ಮಾಡುತ್ತಾನೆ ಅನ್ನುವುದೇ ಜಾಸ್ತಿ ಇಷ್ಟ.

ನನ್ನ ಆಯ್ಕೆ ಹ್ಯೂಯೆನ್ ತ್ಸಾಂಗ್. ಈಗಿನ ಉಚ್ಚಾರದಲ್ಲಿ ಶ್ವೆನ್‌ಜಾಂಗ್. ಪಾಠಪುಸ್ತಕದಲ್ಲಿ ಹರ್ಷವರ್ಧನನ ಪಾಠದ ಜೊತೆ ಒಂದು ಸಾಲು ಬಂದು ಹೋಗುತ್ತಾನಲ್ಲ, ಅವನೇ. ಪಾಪ, ಒಂದು ಅಂಕದ ಪ್ರಶ್ನೆಯಾಗಿ ಉಳಿದುಬಿಟ್ಟಿದ್ದಾನೆ. ಸುಮಾರು 602ರಲ್ಲಿ ಲೋಯಾಂಗ್ ಹತ್ತಿರ ಹುಟ್ಟಿದವನು. 629ರ ಹೊತ್ತಿಗೆ ಆಗಿನ ರಾಜಧಾನಿ ಛಾಂಗಾನ್ ಬಿಟ್ಟ. ಛಾಂಗಾನ್ ಅಂದರೆ ಇವತ್ತಿನ ಶಿಯಾನ್ ಊರು. ಬೌದ್ಧ ಗ್ರಂಥಗಳನ್ನು ಮೂಲದಲ್ಲೇ ಓದಬೇಕು ಅನ್ನುವ ಹಟ. ಗಡಿ ದಾಟಬಾರದು ಅಂತ ದೊರೆಯ ಕಟ್ಟಪ್ಪಣೆ ಇತ್ತು. ಇವನು ಕದ್ದು ಹೊರಟ. (ಇಲ್ಲಿ ಮಕ್ಕಳು ‘ಹಾಗಾದ್ರೆ ರೂಲ್ಸ್ ಮುರೀಬಹುದಾ’ ಅಂತ ಖಂಡಿತ ಕೇಳುತ್ತಾರೆ. ಉತ್ತರ ನೀವೇ ಯೋಚಿಸಿಟ್ಟುಕೊಳ್ಳಿ.) ಮರಳಿ ಬಂದದ್ದು 645ರಲ್ಲಿ.

ಅವನ ಬದುಕಿನಲ್ಲಿ ನೀವು ಶುರು ಮಾಡಬೇಕಾದ ಜಾಗ ಹುಟ್ಟೂರಲ್ಲ, ಮರುಭೂಮಿ. ಆ ಭಾಗವನ್ನು ನಾನು ಹೇಗೆ ಹೇಳುತ್ತೇನೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಉಳಿದದ್ದನ್ನು ನೀವು ಹೇಳಬಹುದು.

ಗಡಿಯ ಹತ್ತಿರ ಗ್ವಾಜೋ ಅಂತ ಊರು. ಅಲ್ಲಿಂದ ಮುಂದೆ ಕೋಟೆಬಾಗಿಲು, ಆಮೇಲೆ ಐದು ಕಾವಲುಗೋಪುರ, ಆಮೇಲೆ ಬರೀ ಮರಳು. ದಾರಿ ತೋರಿಸಲು ಒಬ್ಬನನ್ನು ಗೊತ್ತು ಮಾಡಿಕೊಂಡ. ಆ ಹುಡುಗ ಒಬ್ಬ ಮುದುಕನನ್ನು ಕರೆತಂದ. ಮುದುಕನ ಕೈಯಲ್ಲಿ ಒಂದು ಕೆಂಚು ಬಣ್ಣದ ಬಡಕಲು ಕುದುರೆ. ‘ನಿಮ್ಮ ಎಳೇ ಕುದುರೆ ಈ ಮರಳಲ್ಲಿ ನಡೆಯಲ್ಲ ಸ್ವಾಮೀ. ನನ್ನ ಕುದುರೆ ಮುದಿ, ಆದರೆ ಹದಿನೈದು ಸಲ ಆಚೆ ದಡಕ್ಕೆ ಹೋಗಿ ಬಂದಿದೆ’ ಅಂದ. ಶ್ವೆನ್‌ಜಾಂಗ್ ತನ್ನ ಚಂದದ ಕುದುರೆ ಕೊಟ್ಟು ಆ ಬಡಕಲನ್ನು ತೆಗೆದುಕೊಂಡ. ಇಲ್ಲಿ ನಿಲ್ಲಿಸಿ. ‘ನೀನಾಗಿದ್ರೆ ಯಾವ ಕುದುರೆ ಇಟ್ಕೋತಿದ್ದೆ?’ ಅಂತ ಕೇಳಿ.

ದಾರಿ ತೋರಿಸುವವನು ಅರ್ಧದಲ್ಲೇ ಹೆದರಿ ವಾಪಸ್ ಹೋದ. ಈಗ ಇವನೊಬ್ಬನೇ. ಮೊದಲ ಕಾವಲುಗೋಪುರದ ಹತ್ತಿರ ರಾತ್ರಿ ಕದ್ದು ನೀರು ತುಂಬಿಕೊಳ್ಳುವಾಗ ಮೇಲಿನಿಂದ ಬಾಣ ಬಂತು, ಮೊಣಕಾಲಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಕಾವಲಿನ ಯಜಮಾನ ಬೌದ್ಧ, ಹಾಗಾಗಿ ಬಚಾವ್. ನೀರು, ಬುತ್ತಿ ಕೊಟ್ಟು ಕಳಿಸಿದ. ಕೊನೆಗೆ ಮರುಭೂಮಿ ಸಿಕ್ಕಿತು. ಅಲ್ಲಿ ದಾರಿ ತಪ್ಪಿದ. ಕುಡಿಯಲು ನೀರಿನ ಚೀಲ ಎತ್ತಿದ. ಭಾರದ ಚೀಲ, ಕೈಜಾರಿತು. ಅಷ್ಟೂ ನೀರು ಮರಳಿಗೆ.

ಇಲ್ಲಿ ಎರಡನೇ ಸಲ ನಿಲ್ಲಿಸಿ. ಮೊದಲ ಚೀನೀ ಪದ ಇಲ್ಲಿ ಬರಬೇಕು. ನೀರಿಗೆ ಷ್ವೇಯ್. ‘ಷ್ವೇಯ್ ಇಲ್ಲ’ ಅಂತಲೇ ಹೇಳಿ. ಪೂರ್ತಿ ಚೀನೀ ವಾಕ್ಯ ಬೇಡ. ಕನ್ನಡದ ಕಥೆಯೊಳಗೆ ಒಂದು ಚೀನೀ ಪದ ಸಾಕು.

ವಾಪಸ್ ಹೋಗೋಣ ಅಂತ ಪೂರ್ವಕ್ಕೆ ಸ್ವಲ್ಪ ದೂರ ನಡೆದ. ಆಮೇಲೆ ನೆನಪಾಯಿತು: ಗುರಿ ಮುಟ್ಟದೆ ಒಂದು ಹೆಜ್ಜೆಯೂ ಪೂರ್ವಕ್ಕೆ ಇಡುವುದಿಲ್ಲ ಅಂತ ಆಣೆ ಇಟ್ಟಿದ್ದ. ತಿರುಗಿ ಪಶ್ಚಿಮಕ್ಕೆ ಹೊರಟ. ಪೂರ್ವಕ್ಕೆ ತುಂಗ್, ಪಶ್ಚಿಮಕ್ಕೆ ಶೀ. ಮಗನನ್ನು ಹಾಲಿನಲ್ಲಿ ನಿಲ್ಲಿಸಿ ನಡೆಸಿ. ತುಂಗ್ ಅಂದಾಗ ಸೂರ್ಯ ಹುಟ್ಟುವ ಗೋಡೆ ಕಡೆ, ಶೀ ಅಂದಾಗ ಎದುರು ಗೋಡೆ ಕಡೆ. ನಾಲ್ಕು ರಾತ್ರಿ, ಐದು ಹಗಲು ಒಂದು ಹನಿ ನೀರಿಲ್ಲ. ಮನುಷ್ಯನೂ ಬಿದ್ದ, ಕುದುರೆಯೂ ಬಿತ್ತು. ಐದನೇ ರಾತ್ರಿ ತಣ್ಣನೆ ಗಾಳಿ ಬೀಸಿತು. ಎದ್ದು ಸ್ವಲ್ಪ ದೂರ ನಡೆದರು. ಇದ್ದಕ್ಕಿದ್ದಂತೆ ಕುದುರೆ ಬೇರೆ ದಿಕ್ಕಿಗೆ ತಿರುಗಿತು. ಎಷ್ಟು ಎಳೆದರೂ ಕೇಳಲಿಲ್ಲ. ಹೋಗಿ ನೋಡಿದರೆ ಹಸಿರು ಹುಲ್ಲು, ಪಕ್ಕದಲ್ಲಿ ಕೊಳ.

ಚೀನೀಯಲ್ಲಿ ‘ಲಾವ್ ಮಾ ಷಿ ಥೂ’ ಅಂತ ನಾಲ್ಕು ಪದದ ಗಾದೆ ಇದೆ. ಮುದಿ ಕುದುರೆಗೆ ದಾರಿ ಗೊತ್ತು ಅಂತ. ಲಾವ್ ಅಂದರೆ ಮುದಿ, ಮಾ ಕುದುರೆ, ಷಿ ಗೊತ್ತು, ಥೂ ದಾರಿ. ಇದು ಶ್ವೆನ್‌ಜಾಂಗ್‌ಗಿಂತ ತುಂಬಾ ಹಳೆಯದು. ಛೀ ರಾಜ್ಯದ ಸೈನ್ಯ ದಾರಿ ತಪ್ಪಿದಾಗ ಗ್ವಾನ್‌ಜೋಂಗ್ ಅನ್ನುವ ಮಂತ್ರಿ ಮುದಿ ಕುದುರೆಗಳ ಹಗ್ಗ ಬಿಚ್ಚಿ ಅವುಗಳ ಹಿಂದೆ ಸೈನ್ಯ ನಡೆಸಿದನಂತೆ. ಈಗಲೂ ಅನುಭವಸ್ಥರನ್ನು ಹೊಗಳುವಾಗ ಈ ಮಾತು ಬಳಸುತ್ತಾರೆ. ಇಂಥ ನಾಲ್ಕು ಪದದ ಗಾದೆಗಳು ಚೀನೀಯಲ್ಲಿ ಸಾವಿರಾರಿವೆ, ಒಂದೊಂದರ ಹಿಂದೆಯೂ ಒಂದು ಕಥೆ. ನಿಮ್ಮ ಮಗಳು ಶೆನ್‌ಜೆನ್‌ನಲ್ಲಿ ಯಾವುದಾದರೂ ಅಜ್ಜನ ಮುಂದೆ ಇದನ್ನು ಹೇಳಲಿ, ಆಮೇಲೆ ನೋಡಿ. ‘ಹೆಲೋ’, ‘ಥ್ಯಾಂಕ್ಯೂ’ ಕಲಿತು ಹೋದ ಮಕ್ಕಳಿಗೆ ಸಿಗುವ ನಗುವೇ ಬೇರೆ, ಇದಕ್ಕೆ ಸಿಗುವುದೇ ಬೇರೆ.

ಒಂದು ರಾತ್ರಿಯ ಕಥೆಯಲ್ಲಿ ಐದಾರು ಪದ ಬಂದವು: ನೀರು, ಕುದುರೆ, ಪೂರ್ವ, ಪಶ್ಚಿಮ, ಮುದಿ, ದಾರಿ. ಅಷ್ಟೇ ಸಾಕು. ಮರುದಿನ ಬೆಳಗ್ಗೆ ‘ನಿನ್ನೆ ಏನು ಕಲಿತೆ, ಹೇಳು’ ಅಂತ ಪರೀಕ್ಷೆ ಮಾತ್ರ ಮಾಡಬೇಡಿ. ಕಥೆ ಅಲ್ಲಿಗೆ ಸತ್ತುಹೋಗುತ್ತದೆ.

ದಿಕ್ಕುಗಳನ್ನು ಕಲಿತ ಮೇಲೆ ಗೋಡೆಗೆ ಚೀನಾದ ನಕ್ಷೆ ಅಂಟಿಸಿ. ಉತ್ತರ ಪೇಯ್, ದಕ್ಷಿಣ ನಾನ್. ಈ ನಾಲ್ಕು ಪದದಲ್ಲಿ ಅರ್ಧ ನಕ್ಷೆ ಓದಬಹುದು. ಬೀಜಿಂಗ್ ಉತ್ತರದ ರಾಜಧಾನಿ, ನಾನ್‌ಜಿಂಗ್ ದಕ್ಷಿಣದ ರಾಜಧಾನಿ. ಹೆಬೇಯ್, ಹೆನಾನ್ ಅಂದರೆ ನದಿಯ ಉತ್ತರ, ನದಿಯ ದಕ್ಷಿಣ. ಹುಬೇಯ್, ಹುನಾನ್ ಅಂದರೆ ಸರೋವರದ ಆಚೆ, ಈಚೆ. ಶಾಂದೋಂಗ್, ಶಾನ್‌ಶಿ ಬೆಟ್ಟದ ಪೂರ್ವ, ಪಶ್ಚಿಮ. ಒಂಬತ್ತು ವರ್ಷದ ಹುಡುಗಿಗೆ ಇದು ಗುಪ್ತಲಿಪಿ ಬಿಡಿಸುವ ಆಟ. ಊಟಕ್ಕೆ ಕರೆದರೂ ಬರುವುದಿಲ್ಲ.

ಮೇಲೆ ನಾನು ಬೀಜಿಂಗ್ ಅಂತ ಪತ್ರಿಕೆಯಲ್ಲಿ ಬರುವ ಹಾಗೆ ಬರೆದೆ, ಆದರೆ ಉತ್ತರಕ್ಕೆ ‘ಪೇಯ್’ ಅಂದೆ. ತಪ್ಪಲ್ಲ, ಬೇಕಂತಲೇ ಬರೆದೆ. ಚೀನೀ ಉಚ್ಚಾರವನ್ನು ಬರೆಯಲು 1958ರಿಂದ ಪಿನ್‌ಯಿನ್ ಅನ್ನುವ ಪದ್ಧತಿ ಇದೆ. ಅದರಲ್ಲಿ ರೋಮನ್ ಅಕ್ಷರಗಳಿವೆ, ಆದರೆ ಅವನ್ನು ಇಂಗ್ಲಿಷಿನಂತೆ ಓದಿದರೆ ಕೆಟ್ಟಿತು. ಅಲ್ಲಿಯ ‘ಬಿ’ ನಮ್ಮ ಬ ಅಲ್ಲ, ಪ. ‘ಪಿ’ ಅಂದರೆ ಫ, ಅದೂ ಕನ್ನಡದ ನಿಜವಾದ ಮಹಾಪ್ರಾಣ ಫ, ಫ್ಯಾನಿನ ಫ ಅಲ್ಲ. ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ ಅಕ್ಷರ ಕ, ‘ಕೆ’ ಅಕ್ಷರ ಖ. ಅಲ್ಪಪ್ರಾಣ, ಮಹಾಪ್ರಾಣದ ಈ ಜೋಡಿ ಇಂಗ್ಲಿಷ್ ಮಕ್ಕಳಿಗೆ ಕಷ್ಟ. ನಮಗೆ ವರ್ಣಮಾಲೆಯಲ್ಲೇ ಇದೆ. ಶ ಮತ್ತು ಷ ಬೇರೆ ಅಂತ ನಮ್ಮ ಮೇಷ್ಟ್ರು ಗಂಟಲು ಹರಿದುಕೊಂಡು ಹೇಳುತ್ತಿದ್ದರಲ್ಲ, ಚೀನೀಯಲ್ಲಿ ಅದು ನಿಜಕ್ಕೂ ಬೇರೆ. ಪಶ್ಚಿಮ ಶೀ, ಬೆಟ್ಟ ಷಾನ್. ನಾವು ದಿನದ ಮಾತಲ್ಲಿ ಮಹಾಪ್ರಾಣ ನುಂಗುತ್ತೇವೆ, ಷ-ಶ ಒಂದೇ ಮಾಡುತ್ತೇವೆ, ನಿಜ. ಆದರೂ ಬರೆದು ತೋರಿಸಿದರೆ ಮಗುವಿಗೆ ತಟ್ಟನೆ ಗೊತ್ತಾಗುತ್ತದೆ. ಅದಕ್ಕೇ ಹೇಳುವುದು, ಕನ್ನಡದಿಂದ ನೇರವಾಗಿ ಚೀನೀಗೆ ಹೋಗಿ. ನಡುವೆ ಇಂಗ್ಲಿಷನ್ನು ಕೂರಿಸಬೇಡಿ. ಆ ಆ್ಯಪ್ ಮಾಡಿದ್ದೂ ಅದನ್ನೇ.

ಇನ್ನು ನಾಲ್ಕು ಸ್ವರಗಳ, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತದ ವಿಷಯ. ಎಲ್ಲರೂ ಹೆದರಿಸುವುದು ಇದರಿಂದಲೇ. ‘ಮಾ’ ಅಂತ ಏರಿಳಿತವಿಲ್ಲದೆ ಮೇಲಿನ ಶ್ರುತಿಯಲ್ಲಿ ಎಳೆದರೆ ಅಮ್ಮ. ತಗ್ಗಿಸಿ ಹೇಳಿದರೆ ಕುದುರೆ. ಎರಡನೆಯ ಸ್ವರ ನಾವು ‘ಏನು?’ ಅಂತ ಕೇಳುವಾಗ ಏರುವ ದನಿ, ನಾಲ್ಕನೆಯದು ಗದರಿಸಿ ‘ಬಾ!’ ಅನ್ನುವ ದನಿ. ಕೈಯಲ್ಲಿ ಗಾಳಿಯಲ್ಲಿ ಗೆರೆ ಎಳೆಯುತ್ತಾ ಹೇಳಿಸಿ. ಆರು ವರ್ಷದವನು ನಿಮಗಿಂತ ಬೇಗ ಹಿಡಿಯುತ್ತಾನೆ. ಅಮ್ಮನನ್ನು ಕುದುರೆ ಅಂತ ಕರೆದು ನಗುವುದು ಸ್ವಲ್ಪ ದಿನ ಇದ್ದದ್ದೇ, ಸಹಿಸಿಕೊಳ್ಳಿ.

ಮರುಭೂಮಿ ದಾಟಿದ ಯಾತ್ರಿಕ ತುರ್ಫಾನ್ ತಲುಪುತ್ತಾನೆ. ಆಗ ಅದು ಗಾವ್‌ಛಾಂಗ್ ರಾಜ್ಯ. ರಾಜನಿಗೆ ಇವನ ಮೇಲೆ ಎಷ್ಟು ಪ್ರೀತಿ ಅಂದರೆ ಬಿಡಲೇ ಒಲ್ಲೆ ಅಂದ. ಇಲ್ಲೇ ಇದ್ದು ಗುರುವಾಗು ಅಂತ ಹಟ ಹಿಡಿದ. ಇವನು ಊಟ ಬಿಟ್ಟು ಕೂತ. ದಿನ ಕಳೆದಂತೆ ಕುಗ್ಗುತ್ತಾ ಹೋದವನನ್ನು ನೋಡಿ ರಾಜ ಸೋತ. ಆಳು, ಕುದುರೆ, ಬಟ್ಟೆ, ದಾರಿಯುದ್ದಕ್ಕೂ ಇರುವ 24 ರಾಜ್ಯಗಳಿಗೆ ಪತ್ರ, ಎಲ್ಲ ಕೊಟ್ಟು ಕಳಿಸಿದ. ಈ ಕಥೆ ಹೇಳುವ ದಿನ ಒಂದು ಹಿಡಿ ಒಣದ್ರಾಕ್ಷಿ ಇಟ್ಟುಕೊಳ್ಳಿ. ತುರ್ಫಾನ್ ಈಗಲೂ ದ್ರಾಕ್ಷಿಗೇ ಹೆಸರುವಾಸಿ. ಗೋಡೆ ತುಂಬಾ ಕಿಂಡಿ ಬಿಟ್ಟ ಮಣ್ಣಿಟ್ಟಿಗೆಯ ಮನೆಗಳಲ್ಲಿ ಬಿಸಿಗಾಳಿಗೆ ನೇತುಹಾಕಿ ಒಣಗಿಸುತ್ತಾರೆ. ವಿಜಯಪುರದ ಕಡೆ ಒಣದ್ರಾಕ್ಷಿ ಶೆಡ್ ನೋಡಿದ್ದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ತುರ್ಫಾನ್ ಪಕ್ಕದಲ್ಲೇ ಕೆಂಪು ಬೆಟ್ಟದ ಸಾಲಿದೆ. ಹ್ವೋಯೆನ್ ಷಾನ್, ಉರಿಯುವ ಬೆಟ್ಟ. ನಿಮ್ಮ ಮಗನಿಗೆ ಖಂಡಿತ ಹಿಡಿಸುವ ಒಂದು ಕೋತಿ ಬರುವುದು ಇಲ್ಲೇ. 16ನೇ ಶತಮಾನದಲ್ಲಿ, ಮಿಂಗ್ ದೊರೆಗಳ ಕಾಲದಲ್ಲಿ, ಶ್ವೆನ್‌ಜಾಂಗ್‌ನ ಯಾತ್ರೆಯನ್ನೇ ಎಳೆದು ನೂರು ಅಧ್ಯಾಯದ ಅದ್ಭುತ ಕಥೆ ಕಟ್ಟಿದರು. ಅದರಲ್ಲಿ ಯಾತ್ರಿಕನಿಗೆ ಮೂವರು ಶಿಷ್ಯರು. ಕಲ್ಲಿನಿಂದ ಹುಟ್ಟಿದ ಕೋತಿ ಸುನ್ ವುಖೋಂಗ್, ತಿಂಡಿಪೋತ ಹಂದಿ, ಮಾತು ಕಡಿಮೆಯ ಷಾ. ಬಿಳಿ ಕುದುರೆ ಕೂಡ ನಿಜಕ್ಕೂ ಕುದುರೆಯಲ್ಲ, ಡ್ರ್ಯಾಗನ್. ಕೋತಿಯ ಕೈಯ ದಂಡ ಬೇಕೆಂದಾಗ ಆಕಾಶದೆತ್ತರ, ಬೇಡವಾದಾಗ ಸೂಜಿಯಾಗಿ ಕಿವಿಯೊಳಗೆ. ಉರಿಯುವ ಬೆಟ್ಟ ದಾಟಬೇಕಾದರೆ ಒಬ್ಬ ರಾಣಿಯ ಮಾಯದ ಬೀಸಣಿಗೆ ಬೇಕು. ಅವಳು ಕೊಡುವುದಿಲ್ಲ. ಕೋತಿ ಹುಳುವಾಗಿ ಅವಳ ಹೊಟ್ಟೆಯೊಳಗೆ ಹೋಗಿ ಕುಣಿಯುತ್ತಾನೆ. ಇದನ್ನು ಅಭಿನಯ ಮಾಡಿ ತೋರಿಸದೆ ಹೇಳಲು ಆಗುವುದಿಲ್ಲ, ಸಂಕೋಚ ಬಿಡಿ.

‘ಇವನು ಹನುಮಂತನಾ?’ ಅಂತ ಮಗ ಕೇಳುತ್ತಾನೆ. ಒಳ್ಳೇ ಪ್ರಶ್ನೆ. ಚೀನಾದ ದೊಡ್ಡ ವಿದ್ವಾಂಸರೇ ಇದಕ್ಕೆ ಜಗಳವಾಡಿದ್ದಾರೆ. ಹೂ ಷಿ ಅನ್ನುವವರು ಇದರ ಮೂಲ ಹನುಮಂತನೇ ಇರಬೇಕು ಅಂದರು. ಲೂ ಶುನ್ ಒಪ್ಪಲಿಲ್ಲ, ಇದು ಚೀನಾದ್ದೇ ಹಳೆಯ ಜಲರಾಕ್ಷಸನ ಕಥೆಯಿಂದ ಬಂದದ್ದು ಅಂದರು. ನೀವು ತೀರ್ಪು ಕೊಡಬೇಡಿ, ಮಕ್ಕಳೇ ಹೋಲಿಸಲಿ. ನನ್ನ ಮಟ್ಟಿಗೆ ಇಬ್ಬರಲ್ಲೂ ಇರುವ ದೊಡ್ಡ ವ್ಯತ್ಯಾಸ ಸ್ವಭಾವದ್ದು. ಹನುಮಂತನಿಗೆ ರಾಮ ಅಂದರೆ ಸಾಕು. ಸುನ್ ವುಖೋಂಗ್ ಗುರುವಿನ ಜೊತೆ ದಾರಿಯುದ್ದಕ್ಕೂ ವಾದ ಮಾಡುತ್ತಾನೆ. ಅವನ ತಲೆಗೆ ಒಂದು ಬಳೆ ಹಾಕಿ, ಮಂತ್ರ ಹೇಳಿ ಬಿಗಿಮಾಡಿ ಹದ್ದುಬಸ್ತಿನಲ್ಲಿ ಇಡಬೇಕು.

ಒಂದು ಎಚ್ಚರ. ನಿಜದ ಯಾತ್ರೆ, ಕೋತಿಯ ಕಥೆ ಎರಡನ್ನೂ ಕಲಸಬೇಡಿ. ಒಂದು ರಾತ್ರಿ ‘ನಿಜ’, ಮರುರಾತ್ರಿ ‘ಕಥೆ’ ಅಂತ ಮೊದಲೇ ಹೇಳಿಬಿಡಿ. ಒಂಬತ್ತು ವರ್ಷದವಳಿಗೆ ನಿಜದ ರಾತ್ರಿ ಜಾಸ್ತಿ ಹಿಡಿಸಬಹುದು, ಚಿಕ್ಕವನಿಗೆ ಇನ್ನೊಂದು.

ಇನ್ನು ನಮ್ಮ ಕಡೆಯ ಭಾಗ. ಸುಮಾರು 641ರಲ್ಲಿ ಶ್ವೆನ್‌ಜಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ. ಇಲ್ಲಿಯ ಜನರ ಬಗ್ಗೆ ಅವನು ಬರೆದದ್ದನ್ನು ಓದಿದರೆ ಖುಷಿಯೂ ಆಗುತ್ತದೆ, ನಗುವೂ ಬರುತ್ತದೆ. ಎತ್ತರದ ಆಳುಗಳು, ಸ್ವಾಭಿಮಾನಿಗಳು. ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ. ಆದರೆ ಸೇಡು ತೀರಿಸಿಕೊಳ್ಳುವ ಮುಂಚೆ ‘ಬರ್ತಾ ಇದ್ದೀನಿ’ ಅಂತ ಹೇಳಿ ಕಳಿಸುತ್ತಾರೆ! ಯುದ್ಧಕ್ಕೆ ಹೊರಡುವಾಗ ನೂರಾರು ವೀರರು ಕುಡಿದು ಹೊರಡುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಹರ್ಷ ಎಲ್ಲರನ್ನೂ ಗೆದ್ದ, ಈ ರಾಜನನ್ನು ಮಾತ್ರ ಮಣಿಸಲಾಗಲಿಲ್ಲ. ಕುಡಿದ ಆನೆಯ ವಿಷಯ ಹೇಳಿದ ಮೇಲೆ ಆ ರಾತ್ರಿ ಮಕ್ಕಳು ಮಲಗುವುದಿಲ್ಲ ಅಂತ ಇಟ್ಟುಕೊಳ್ಳಿ.

ಈ ಭಾಗ ಯಾಕೆ ಮುಖ್ಯ ಅಂದರೆ, ಇಲ್ಲಿಯವರೆಗೆ ನಿಮ್ಮ ಮಕ್ಕಳು ಚೀನಾವನ್ನು ನೋಡುತ್ತಿದ್ದರು. ಈಗ ಒಬ್ಬ ಚೀನೀಯ ಅವರ ಊರನ್ನು ನೋಡುತ್ತಿದ್ದಾನೆ. ‘ಅವನು ನಮ್ಮ ಬಗ್ಗೆ ಬರೆದದ್ದೆಲ್ಲ ಸರೀನಾ?’ ಅಂತ ಕೇಳಿ. ‘ಎಲ್ರೂ ಹಾಗಿರಲ್ಲ’ ಅನ್ನುತ್ತಾರೆ. ಅಲ್ಲಿಗೆ, ಹಾವು ಚೇಳಿನ ಮಾತಿಗೂ ಅರ್ಧ ಉತ್ತರ ಸಿಕ್ಕಿತು ಅಲ್ವಾ?

ಹುಬ್ಬಳ್ಳಿಯಿಂದ ಬಾದಾಮಿ, ಐಹೊಳೆ ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರ. ಚೀನಾ ಪ್ರವಾಸವನ್ನು ಅಲ್ಲಿಂದಲೇ ಶುರುಮಾಡಿ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಶಾಸನ ಇದೆ, 634ರದ್ದು. ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲೂ ಇದೆ. ಆ ಕಲ್ಲು ಕೆತ್ತುವ ಹೊತ್ತಿಗೆ ಶ್ವೆನ್‌ಜಾಂಗ್ ಭಾರತಕ್ಕೆ ಬಂದಾಗಿತ್ತು. ಆದರೆ ಬಾದಾಮಿಯ ಗುಹೆ ತೋರಿಸಿ ‘ಇಲ್ಲೇ ಕೂತಿದ್ದ’ ಅಂತ ಮಾತ್ರ ಹೇಳಬೇಡಿ. ಅವನು ರಾಜ್ಯವನ್ನು ಮಹಾರಾಷ್ಟ್ರ ಅನ್ನುವ ಹೆಸರಲ್ಲೇ ಬರೆದಿದ್ದಾನೆ, ಬಾದಾಮಿಯ ಹೆಸರು ಹೇಳಿಲ್ಲ.

ಅವನು ಮರಳಿ ಹೋದ ಕಥೆಯನ್ನು ಬೇಗ ಮುಗಿಸಬಹುದು, ಒಂದು ಘಟನೆ ಬಿಟ್ಟು. ಸಿಂಧೂ ನದಿ ದಾಟುವಾಗ ದೋಣಿ ಹೊಯ್ದಾಡಿ ಐವತ್ತು ಕಟ್ಟು ಹಸ್ತಪ್ರತಿ, ಚೀನಾಕ್ಕೆ ಒಯ್ಯುತ್ತಿದ್ದ ಹೂವಿನ ಬೀಜ ನೀರುಪಾಲಾದವು. ಮಕ್ಕಳಿಗೆ ಪುಸ್ತಕಕ್ಕಿಂತ ಬೀಜ ಹೋದದ್ದೇ ಜಾಸ್ತಿ ಬೇಜಾರು. ಅಷ್ಟಾದರೂ ಛಾಂಗಾನ್‌ಗೆ ತಲುಪಿದ ಗ್ರಂಥಗಳು 657. ಉಳಿದ ಬದುಕೆಲ್ಲ ಅವನ್ನು ಚೀನೀಗೆ ತರುವುದರಲ್ಲೇ ಕಳೆಯಿತು. ಅವುಗಳನ್ನು ಇಡಲೆಂದು 652ರಲ್ಲಿ ಕಟ್ಟಿಸಿದ ಗೋಪುರ ಶಿಯಾನ್‌ನಲ್ಲಿ ಇವತ್ತಿಗೂ ನಿಂತಿದೆ.

ಬರವಣಿಗೆ ಕಲಿಸಲು ಪುಸ್ತಕ, ಪೆನ್ಸಿಲ್ ಬೇಡ. ಚೀನಾದ ಉದ್ಯಾನಗಳಲ್ಲಿ ಬೆಳಗ್ಗೆ ಹಿರಿಯರು ಉದ್ದ ಕೋಲಿನ ಕುಂಚವನ್ನು ನೀರಲ್ಲಿ ಅದ್ದಿ ನೆಲದ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಾರೆ. ಬಿಸಿಲಿಗೆ ಆರಿಹೋಗುತ್ತದೆ, ಮತ್ತೆ ಬರೆಯುತ್ತಾರೆ. ನೀವು ರಂಗೋಲಿ ಹಾಕುವ ಜಾಗದಲ್ಲೇ ಮಕ್ಕಳ ಕೈಗೆ ಒಂದು ಪೇಂಟಿಂಗ್ ಬ್ರಷ್, ಒಂದು ಲೋಟ ನೀರು ಕೊಡಿ. ಮೊದಲ ಅಕ್ಷರ ಬೆಟ್ಟ, ಷಾನ್. ನಡುವೆ ಎತ್ತರದ ಒಂದು ಗೆರೆ ಮೇಲಿಂದ ಕೆಳಗೆ. ಆಮೇಲೆ ಎಡಗಡೆ ಗಿಡ್ಡ ಗೆರೆ ಇಳಿಸಿ, ಕೈ ಎತ್ತದೆ ಬಲಕ್ಕೆ ಎಳೆಯಿರಿ. ಕೊನೆಗೆ ಬಲಗಡೆ ಗಿಡ್ಡ ಗೆರೆ. ಮೂರು ಶಿಖರದ ಬೆಟ್ಟ ಸಿದ್ಧ. ಗೆರೆಗಳ ಈ ಕ್ರಮ ಮುಖ್ಯ, ಆಮೇಲೆ ತಿದ್ದುವುದು ಕಷ್ಟ. ತಪ್ಪಾದರೂ ಆರಿಹೋಗುತ್ತದೆ, ಹಾಗಾಗಿ ಅಳು ಇಲ್ಲ. ಮಗ ತಂಟೆ ಮಾಡಿದರೆ ಶಿಯಾನ್‌ನ ಬ್ಯಾಂಗ್‌ಬ್ಯಾಂಗ್ ನೂಡಲ್ಸ್‌ನ ಅಕ್ಷರ ತೋರಿಸಿ. ಒಂದೇ ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೆರೆ. ಅದನ್ನು ಬರೆಯಲು ಹೋಗಿ ಅಂಗಳವೆಲ್ಲ ನೀರಾಗುತ್ತದೆ.

ಹಳೇ ಕಾಲದಲ್ಲೇ ನಿಂತರೆ ಮಕ್ಕಳು ಚೀನಾದಲ್ಲಿ ಈಗಲೂ ಕುದುರೆ ಮೇಲೆ ಓಡಾಡುತ್ತಾರೆ ಅಂದುಕೊಳ್ಳುತ್ತಾರೆ. ಶೆನ್‌ಜೆನ್‌ಗೆ ಹೊಂದುವ ಇಂದಿನ ಕಥೆ ಒಂದಿದೆ. ಆ ಊರು 1980ರಲ್ಲಿ ವಿಶೇಷ ಆರ್ಥಿಕ ವಲಯವಾದ ಮೇಲೆ ಬೆಳೆದದ್ದು. ಅಲ್ಲಿರುವ ಹೆಚ್ಚಿನವರು ಬೇರೆ ಕಡೆಯಿಂದ ಬಂದವರು. ಚೀನೀ ಹೊಸವರ್ಷದ ಆಸುಪಾಸಿನ 40 ದಿನ ಎಲ್ಲರೂ ಊರಿಗೆ ಹೋಗಿಬರುವ ಓಡಾಟಕ್ಕೆ ಛುನ್‌ಯುನ್ ಅಂತಲೇ ಹೆಸರು. ದೀಪಾವಳಿಯ ಹಿಂದಿನ ರಾತ್ರಿ ಬೆಂಗಳೂರಿನಿಂದ ಹುಬ್ಬಳ್ಳಿ ಬಸ್ಸು ಹತ್ತುವ ಗದ್ದಲವನ್ನು ಇಡೀ ದೇಶಕ್ಕೆ ಹಬ್ಬಿಸಿ ನೋಡಿ, ಹಾಗೆ. ಎಷ್ಟೋ ಮಕ್ಕಳು ಹಳ್ಳಿಯಲ್ಲಿ ಅಜ್ಜ ಅಜ್ಜಿ ಹತ್ತಿರ ಬೆಳೆಯುತ್ತಾರೆ. ಅಪ್ಪ ಅಮ್ಮ ವರ್ಷಕ್ಕೊಮ್ಮೆ ಈ ರೈಲಿನಲ್ಲಿ ಬರುತ್ತಾರೆ. ದೂರದಲ್ಲಿರುವ ಅಪ್ಪ ಅಂದರೆ ಏನು ಅಂತ ನಿಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುನಾನ್‌ನ ಹಳ್ಳಿಯಲ್ಲಿ ಕಾಯುವ ಒಬ್ಬ ಹುಡುಗಿಯ ಕಥೆಯನ್ನು ನೀವೇ ಕಟ್ಟಿ ಹೇಳಿ. ಬೆಂಕಿಗೆ ಹ್ವೋ ಅಂತ ಉರಿಯುವ ಬೆಟ್ಟದಲ್ಲಿ ಬಂದಿತ್ತು. ಗಾಡಿಗೆ ಛ. ಕುದುರೆಗಾಡಿ ಮಾ ಛ, ರೈಲು ಹ್ವೋ ಛ. ಮಗಳು ತಾನೇ ಬಿಡಿಸುತ್ತಾಳೆ.

ಈ ಕಥೆಯಲ್ಲಿ ನೆಂಟರ ಹೆಸರು ಸಲೀಸಾಗಿ ಬರುತ್ತವೆ. ಅಣ್ಣನಿಗೆ ಕಗ, ತಮ್ಮನಿಗೆ ತೀದಿ, ಅಕ್ಕನಿಗೆ ಚ್ಯೆಜ್ಯೆ, ತಂಗಿಗೆ ಮೇಯ್‌ಮೇಯ್. ಇಂಗ್ಲಿಷಿನಲ್ಲಿ ಕಲಿಯುವ ಮಗುವಿಗೆ ದೊಡ್ಡವರಿಗೊಂದು ಚಿಕ್ಕವರಿಗೊಂದು ಯಾಕೆ ಅಂತ ವಿವರಿಸಬೇಕು. ನಿಮ್ಮ ಮನೆಯಲ್ಲಿ ಆ ತೊಂದರೆ ಇಲ್ಲ. ನಾಳೆಯಿಂದ ಮಗ ಅಕ್ಕನನ್ನು ಚ್ಯೆಜ್ಯೆ ಅನ್ನಲಿ.

ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಡಾ. ದ್ವಾರಕಾನಾಥ ಕೋಟ್ನಿಸರ ಬಗ್ಗೆ ಹೇಳಿ. ಪಕ್ಕದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು. ಜಪಾನ್ ದಾಳಿ ಮಾಡಿದಾಗ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಚೀನೀ ಕಲಿತು, ಅಲ್ಲಿಯವರನ್ನೇ ಮದುವೆಯಾಗಿ, ಗಾಯಾಳುಗಳ ಸೇವೆಯಲ್ಲೇ 1942ರಲ್ಲಿ ತೀರಿಕೊಂಡರು. ಚೀನಾದಲ್ಲಿ ಖ ತಿಹ್ವಾ ಅಂದರೆ ಹಳಬರಿಗೆಲ್ಲ ಗೊತ್ತು. ಗಡಿ ಜಗಳದ ಸುದ್ದಿ ಟೀವಿಯಲ್ಲಿ ಬಂದು ಮಕ್ಕಳು ‘ಅವರು ನಮ್ಮ ಶತ್ರುಗಳಾ’ ಅಂತ ಕೇಳಿದರೆ ಸುಳ್ಳು ಹೇಳಬೇಡಿ. 1962ರಲ್ಲಿ ಯುದ್ಧವಾಗಿದೆ, 2020ರಲ್ಲಿ ಗಲ್ವಾನ್‌ನಲ್ಲಿ ಸೈನಿಕರು ಸತ್ತಿದ್ದಾರೆ, ಸರ್ಕಾರಗಳ ನಡುವೆ ಜಗಳ ಇದೆ ಅಂತ ಹೇಳಿ. ಅಪ್ಪನ ಆಫೀಸಿನಲ್ಲಿ ಜೊತೆಗೆ ಕೂತು ಊಟ ಮಾಡುವವರೂ ಅವರೇ ಅಂತಲೂ ಹೇಳಿ.

ಈಗ ಅತ್ತೆಯವರ ವಿಷಯ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಶೆನ್‌ಜೆನ್ ಇರುವ ಗುವಾಂಗ್‌ದೋಂಗ್ ಕಡೆ 2020ರಲ್ಲಿ ನಿಷೇಧ ಬರುವವರೆಗೆ ಹಾವಿನ ಸೂಪ್ ಮಾಡುತ್ತಿದ್ದರು. ಹಾಗಂತ ಅದು ಆಗಲೂ ದಿನದ ಊಟವಾಗಿರಲಿಲ್ಲ. ಅನ್ನ, ಗಂಜಿ, ನೂಡಲ್ಸ್, ಸೊಪ್ಪು, ತೋಫು ಇವೇ ಜಾಸ್ತಿ. ಅತ್ತೆಯವರಿಗೆ ಒಂದು ವಿಷಯ ಹೇಳಿ ನೋಡಿ: ಚೀನಾದ ಬೌದ್ಧ ಸನ್ಯಾಸಿಗಳ ಊಟದಲ್ಲಿ ಮಾಂಸ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದೊಡ್ಡ ಮಠಗಳ ಪಕ್ಕ ಇಂಥ ಊಟದ ಹೋಟೆಲ್ ಇರುತ್ತವೆ. ಭಾರತದಲ್ಲಿ ಈರುಳ್ಳಿ ಬೆಳ್ಳುಳ್ಳಿ ತಿನ್ನುವವರು ಕಡಿಮೆ, ತಿಂದವರನ್ನು ಊರಾಚೆ ಇಡುತ್ತಾರೆ ಅಂತ ಶ್ವೆನ್‌ಜಾಂಗ್ ಕೂಡ ಬರೆದಿದ್ದಾನೆ. ಅತ್ತೆಯವರು ಅವನನ್ನು ಒಪ್ಪಿಕೊಳ್ಳುತ್ತಾರೆ. ನೀವು ಸಸ್ಯಾಹಾರಿಗಳಾದರೆ ಮಕ್ಕಳಿಗೆ ‘ವೋ ಛಿ ಸೂ’ ಬಾಯಿಪಾಠ ಮಾಡಿಸಿ, ನಾನು ಸಸ್ಯಾಹಾರ ತಿನ್ನುತ್ತೇನೆ ಅಂತ. ಆದರೂ ಸಾರಿಗೆ ಮಾಂಸದ ರಸ, ಪಲ್ಯಕ್ಕೆ ಹಂದಿಕೊಬ್ಬು ಬಿದ್ದಿರಬಹುದು. ಕೇಳಿಯೇ ತಿನ್ನಿ.

ನಿಮಗೆ ಭಾಷೆ ಬರುವುದಿಲ್ಲ ಅನ್ನುವುದು ದೊಡ್ಡ ಅಡ್ಡಿಯೇನಲ್ಲ. ಕಥೆ ಹೇಳುವವರು ನೀವು, ದನಿ ಬೇರೆಯವರದಿರಲಿ. ವಾರಕ್ಕೆ ಆರು ಪದದ ಪಟ್ಟಿ ಯಜಮಾನರಿಗೆ ಕಳಿಸಿ. ಅವರ ಜೊತೆ ಕೆಲಸ ಮಾಡುವ ಯಾರಾದರೂ ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿಕೊಡಲಿ. ನಾನು ಕನ್ನಡದಲ್ಲಿ ಬರೆದ ಉಚ್ಚಾರ ನೆನಪಿಗೆ ಮಾತ್ರ, ಕಿವಿಗೆ ಬೀಳಬೇಕಾದ್ದು ಆ ದನಿ. ಶಾಲೆ, ಪರೀಕ್ಷೆ ಎಲ್ಲ ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ.

ಕೊನೆಯದಾಗಿ ಟಿಕೆಟ್. ಬೇಸಿಗೆ ರಜೆಯಲ್ಲಿ ಶಿಯಾನ್‌ಗೆ ಮೂರ್ನಾಲ್ಕು ದಿನ ಇಟ್ಟುಕೊಳ್ಳಿ. ಶೆನ್‌ಜೆನ್‌ನಿಂದ ವಿಮಾನದಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ಹಳೇ ಚಕ್ರವರ್ತಿಯ ಸಮಾಧಿ ಕಾಯಲು ಹೂತಿಟ್ಟ ಮಣ್ಣಿನ ಸೈನಿಕರು ಇದ್ದೇ ಇದ್ದಾರೆ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕವು ಅಂದರೆ ಮಕ್ಕಳಿಗೆ ಅದೇ ಒಂದು ಕಥೆ. ಹಳೇ ಊರಿನ ಕೋಟೆಗೋಡೆಯ ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ಒಂದು ಸುತ್ತು ಸುಮಾರು 14 ಕಿಲೋಮೀಟರ್. ನಮ್ಮ ಯಾತ್ರಿಕನ ಗ್ರಂಥಗಳ ಗೋಪುರಕ್ಕೆ ಮೊದಲ ದಿನವೇ ಹೋಗಿ. ಮೇ ತಿಂಗಳ ಮೊದಲ ವಾರ ಮಾತ್ರ ಬೇಡ. ಕಾರ್ಮಿಕರ ದಿನದ ರಜೆಗೆ ಇಡೀ ಚೀನಾ ಪ್ರವಾಸ ಹೊರಟಿರುತ್ತದೆ, ರೂಮು ಸಿಗುವುದಿಲ್ಲ, ಸಿಕ್ಕರೂ ದುಪ್ಪಟ್ಟು. ಏಪ್ರಿಲ್ ಮಧ್ಯದಲ್ಲೋ, ಮೇ 10ರ ನಂತರವೋ ನೋಡಿ.